ಹಲಗೆಯಾಚೆ ಮಲಗಿದ ಸೈಕಲ್

ಸೈಕಲ್ ತಾನಾಗಿಯೇ ಹೊರಟುಬಿಟ್ಟಿತು. ಅದರಿಂದ ಇಳಿದು ನಿಂತ ಹಾರ್ಲನ್ ಎರಡೂ ಕೈ ಬಿಟ್ಟಿದ್ದ. ಏರು ಮುಗಿದದ್ದೇ ತಡ, ಐಡಹೊದ ಬೆಟ್ಟಗಳೆಲ್ಲ ಒಮ್ಮೆಲೇ ಎದುರಿಗೆ ಎದ್ದು ನಿಂತಿದ್ದವು, ತಡವಾಗಿ ಬಂದವನನ್ನು ಇಡೀ ತರಗತಿ ತಿರುಗಿ ನೋಡಿದ ಹಾಗೆ. ಜುಲೈಯಲ್ಲೂ ಕರಗದ ಹಿಮ. ಅದರ ಕೆಳಗೆ ಮೋಡದ ನೆರಳು ನಿಧಾನವಾಗಿ ಮೇಯುತ್ತಿತ್ತು. ಚರ್ಚಿನಲ್ಲೂ ಟೋಪಿ ತೆಗೆಯಲು ಮರೆಯುವ ಹಾರ್ಲನ್ ಇಲ್ಲಿ ಟೋಪಿ ತೆಗೆದ. ಅಷ್ಟರಲ್ಲಿ ಸೈಕಲ್ಲು ದಾರಿ ಪಕ್ಕದ ಕಂದು ಹಲಗೆಯನ್ನು ದಾಟಿ, ಇಳಿಜಾರಿನಲ್ಲಿ ಕುಣಿಯುತ್ತ ಹೋಗಿ, ಕೆಳಗಿನ ಹುಲ್ಲುಗಾವಲಿನ ನೀಲಿ ಹೂಗಳ ನಡುವೆ ಮೆತ್ತಗೆ ಮಲಗಿತು.

ಹಲಗೆಯ ಮೇಲೆ ಕೆತ್ತಿತ್ತು: ಇಲ್ಲಿಂದ ಮುಂದೆ ರಕ್ಷಿತಾರಣ್ಯ. ಸೈಕಲ್ಲಿಗೆ ಪ್ರವೇಶವಿಲ್ಲ.

ಸೈಕಲ್ಲು ಹೆಂಡತಿ ವರ್ಲಾಳದು. ಪಿಯಾನೋ ಮಾರಿ ಕೊಂಡದ್ದು. ಹಾರ್ಲನ್ನನ ಸೈಕಲ್ಲಿನ ಚೈನು ನಿನ್ನೆ ತುಂಡಾಗಿತ್ತು. ಬೆಳಿಗ್ಗೆ ವರ್ಲಾ ಗಾಳ ಹಿಡಿದು ಹೊಳೆಗೆ ಹೋದದ್ದನ್ನು ನೋಡಿ, ಕೇಳದೆಯೇ ಅವಳದನ್ನು ತಮ್ಮ ಕ್ಯಾಂಪರ್ ಗಾಡಿಯ ಹಿಂಬದಿಯಿಂದ ಇಳಿಸಿಕೊಂಡು ಬಂದಿದ್ದ. ಅವಳು ಊಟಕ್ಕೆ ಮರಳುವುದರೊಳಗೆ ಅದು ಇದ್ದಲ್ಲೇ ಇರಬೇಕು.

ಅವನು ಒಂದು ಕಾಲು ಮುಂದಿಟ್ಟ.

"ಇಡ್ಬೇಡ ಕಾಲು!" ಹಿಂದಿನಿಂದ ಕೂಗು ಬಂತು. ಮಿಲ್ಟನ್ ಪ್ಯಾಸ್ಕ್. ಕ್ಯಾಂಪಿನಲ್ಲಿ ಪಕ್ಕದ ಟ್ರಕ್ಕಿನವನು, ನಿವೃತ್ತ ವಕೀಲ. ವಕೀಲಿಕೆ ಬಿಟ್ಟಿದ್ದ, ವಾದ ಬಿಟ್ಟಿರಲಿಲ್ಲ. ತನ್ನ ಸೈಕಲ್ಲನ್ನು ಮಗುವಿನಂತೆ ಮರಕ್ಕೆ ಒರಗಿಸಿ ಏದುಸಿರು ಬಿಡುತ್ತ ಬಂದ. "ನೀನು ಹೋಗ್ಬಹುದು. ಸೈಕಲ್ ಮುಟ್ಟೋ ಹಾಗಿಲ್ಲ."

"ನಾನೇನು ಓಡಿಸ್ತೀನಾ? ಹೆಗಲ ಮೇಲೆ ಹೊತ್ಕೊಂಡು ಬರ್ತೀನಪ್ಪ."

"ಓಡಿಸೋದು ಮಾತ್ರ ಅಲ್ಲ, ಒಳಗಡೆ ನಿನ್ನ ವಶದಲ್ಲಿ ಇರೋದೇ ತಪ್ಪು. ಮುಟ್ಟಿದ್ಯೋ, ದಂಡ."

"ಹಾಗಾದ್ರೆ ಅಲ್ಲೇ ಬಿಟ್ಟು ಹೋಗ್ಲಾ?"

"ಕಾಡಲ್ಲಿ ಸಾಮಾನು ಬಿಸಾಕಿ ಹೋಗೋದು ಬೇರೆ ತಪ್ಪು," ಎಂದ ಮಿಲ್ಟನ್, ಊಟದ ಜೊತೆ ಸಿಹಿಯೂ ಇದೆ ಎನ್ನುವವನ ಸಂತೋಷದಿಂದ.

ಹೇಸರಗತ್ತೆಯನ್ನು ನಡೆಸಿಕೊಂಡು ಜೊಲೀನ್ ಬಂದದ್ದು ಆಗಲೇ. ಬೇಟೆಗಾರರ ಸಾಮಾನು ಹೊರಿಸುವ ಹೆಂಗಸು; ಸೈಕಲ್ಲಿನವರನ್ನು ಕಂಡರೆ ಅವಳಿಗೂ, ಅವಳ ಹೇಸರಗತ್ತೆ ಡೆಪ್ಯುಟಿಗೂ ಅಷ್ಟಕ್ಕಷ್ಟೆ. ಕೆಳಗೆ ನೋಡಿ, ಕತೆ ಕೇಳಿ, ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಮ್ ಡೆಪ್ಯುಟಿಗೆ ಒಳಗೆ ಹೋಗೋಕೆ ಹಕ್ಕಿದೆ ಕಣಯ್ಯಾ. ನಿನ್ನ ಸಾವಿರಾರು ಡಾಲರಿನ ಸೈಕಲ್ಲಿಗೆ ಇಲ್ಲ. ಅವನ ಬೆನ್ನ ಮೇಲೆ ಹಾಕಿ ತರೋಣ."

"ಆಗ ನಿನ್ನ ವಶ ಆಗುತ್ತೆ," ಎಂದ ಮಿಲ್ಟನ್. "ಆದ್ರೆ ಹಗ್ಗ ಉದ್ದ ಇದ್ರೆ... ಹೇಸರಗತ್ತೆ ಹಲಗೆಯ ಈಚೆ ನಿಂತು ಎಳೀಲಿ. ಹಾರ್ಲನ್ ಹೋಗಿ ಹಗ್ಗದ ಕುಣಿಕೆ ಹಾಕ್ಲಿ. ಕೈ ತಾಗಬಾರ್ದು. ಹಗ್ಗ ತಾಗಿದ್ರೆ ವಾದಿಸ್ಬಹುದು."

ಹಗ್ಗಕ್ಕೆ ಹಗ್ಗ ಕಟ್ಟಿ, ಒಂದು ತುದಿಯನ್ನು ಡೆಪ್ಯುಟಿಗೆ ಬಿಗಿದರು. ಹಾರ್ಲನ್ ಹಾವನ್ನು ಹಿಡಿಯಲು ಹೊರಟವನಂತೆ ಇಳಿದ. ಹೂಗಳ ಹತ್ತಿರ ಬಂದಾಗ ಬಂಡೆಯ ಹಿಂದಿನಿಂದ ಬಿಳಿಯದೇನೋ ಎದ್ದು ಬಂತು. ಬೆಟ್ಟದ ಮೇಕೆ. ಹಿಮದ ತುಂಡಿಗೇ ಕಾಲು ಬಂದ ಹಾಗಿತ್ತು. ಅದು ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಅವನ ಬೆವರಿನ ಉಪ್ಪು ಹತ್ತಿದ ಸೈಕಲ್ಲಿನ ಹಿಡಿಯನ್ನು ನೆಕ್ಕತೊಡಗಿತು. ಹಿಂದೆಯೇ ಒಂದು ಮರಿ ಬಂದು ಸೀಟನ್ನು ನೆಕ್ಕಿತು.

"ಈಗ ಕಾನೂನಿನ ಪ್ರಕಾರ ಸೈಕಲ್ಲು ಮೇಕೆಯ..." ಮೇಲಿನಿಂದ ಮಿಲ್ಟನ್ ಶುರುಮಾಡಿದ. ಮುಗಿಸಲಿಲ್ಲ. ಡೆಪ್ಯುಟಿ ಕೂಡ ಕಿವಿ ನೆಟ್ಟಗೆ ಮಾಡಿ ನಿಂತಿತು. ಗಾಳಿ ಹುಲ್ಲನ್ನು ಒಮ್ಮೆ ಆಚೆಗೆ, ಒಮ್ಮೆ ಈಚೆಗೆ ಮಲಗಿಸಿತು. ಮರಿಯ ನಾಲಗೆಯ ಸದ್ದು ಹಾರ್ಲನ್ನಿಗೆ ಕೇಳುತ್ತಿತ್ತು. ವರ್ಲಾ, ಪಿಯಾನೋ, ದಂಡ ಎಲ್ಲ ಅಷ್ಟು ಹೊತ್ತು ಅವನ ತಲೆಯಿಂದ ಹೋಗಿಬಿಟ್ಟಿದ್ದವು. ಈ ಜಾಗವನ್ನು ಈ ಮೇಕೆಗಳಿಗೋಸ್ಕರ ಕಾದಿಡುವುದಾದರೆ ತನ್ನಂಥವರನ್ನು ಹೊರಗಿಟ್ಟದ್ದೇ ಸರಿ ಎಂದುಕೊಂಡ. ಮೇಕೆಗಳು ನೆಕ್ಕಿ ಮುಗಿಸಿ, ನೆಟ್ಟಗಿನ ಬಂಡೆಯನ್ನು ಮೆಟ್ಟಿಲಂತೆ ಹತ್ತಿ ಹೋದವು.

ಅವನು ಕುಣಿಕೆ ಹಾಕಿದ. ತಾಗಲಿಲ್ಲ.

"ತಾಗ್ಲಿಲ್ಲ! ಭೇಷ್!" ಎಂದು ಮಿಲ್ಟನ್ ಚಪ್ಪಾಳೆ ತಟ್ಟಿದ. ಡೆಪ್ಯುಟಿಗೆ ಅಷ್ಟು ಸಾಕಾಯಿತು. ಅದು ಬೆದರಿ ಓಟ ಕಿತ್ತಿತು, ಜೊಲೀನ್ "ನಿಲ್ಲೋ ಮುಂಡೇದೇ!" ಎನ್ನುತ್ತ ಅದರ ಹಿಂದೆ ಓಡಿದಳು. ಸೈಕಲ್ಲು ಕಲ್ಲಿಂದ ಕಲ್ಲಿಗೆ ಹಾರುತ್ತ, ಅಡುಗೆಮನೆಯೇ ಉರುಳಿಬಿದ್ದಂತೆ ಸದ್ದು ಮಾಡುತ್ತ ಮೇಲೆ ಬಂತು. ಹಾರ್ಲನ್ ಏರಿ ಬರುವಷ್ಟರಲ್ಲಿ ಜೊಲೀನ್ ಡೆಪ್ಯುಟಿಯನ್ನು ಹಿಡಿದು ನಿಲ್ಲಿಸಿದ್ದಳು; ಸೈಕಲ್ಲಿನ ಮುಂದಿನ ಚಕ್ರ ಸುಟ್ಟ ಹಪ್ಪಳದ ಹಾಗೆ ಮುರುಟಿತ್ತು. ಹ್ಯಾಂಡಲ್ ಹಿಂದಕ್ಕೆ ನೋಡುತ್ತಿತ್ತು.

"ಆದ್ರೂ ಕಾನೂನು ಮುರೀಲಿಲ್ಲ," ಎಂದ ಮಿಲ್ಟನ್.

ಕಣಿವೆಯ ಕಡೆಯಿಂದ ಗುದ್ದಲಿ ಹೊತ್ತು ಅರಣ್ಯ ಇಲಾಖೆಯ ರೇಂಜರ್ ಹುಡುಗಿ ತಮಾರಾ ಹತ್ತಿ ಬಂದಳು. ಮೈತುಂಬ ಮಣ್ಣು. ಸೈಕಲ್ಲು, ಹಗ್ಗ, ಮೂವರ ಮುಖ ಎಲ್ಲವನ್ನೂ ನೋಡಿದಳು.

"ಅಮ್ಮಾ, ನಾವು ಯಾರೂ ಒಳಗಡೆ ಅದನ್ನ ಮುಟ್ಟಿಲ್ಲ," ಎಂದ ಹಾರ್ಲನ್.

"ಯಾವ ಒಳಗಡೆ?"

ಅವನು ಹಲಗೆ ತೋರಿಸಿದ. ತಮಾರಾ ಹಲಗೆಯ ಹತ್ತಿರ ಹೋಗಿ, ಅದನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕೆ ಇಟ್ಟಳು. ಬುಡದಲ್ಲಿ ಕಲ್ಲು ಒತ್ತರಿಸಿ ನಿಲ್ಲಿಸಿತ್ತು, ಅಷ್ಟೆ.

"ಇದು ಇಲ್ಲಿಯದಲ್ಲ ಸ್ವಾಮಿ. ಗಡಿ ಕೆಳಗೆ ಸರೋವರದ ಹತ್ತಿರ. ಅದರಾಚೆ ನಾವೂ ಚಕ್ರದ ಗಾಡಿ ತರೋ ಹಾಗಿಲ್ಲ. ಈಚೆ ಈ ಇಕ್ಕಟ್ಟು ದಾರೀಲಿ ತಳ್ಳುಗಾಡಿ ಹಿಡಿಯಲ್ಲ. ನಿನ್ನೆ ನಮ್ ಹುಡುಗರು ಈ ಹಲಗೇನ ಹೊತ್ತು ಹೊತ್ತು ಸುಸ್ತಾಗಿ ಇಲ್ಲಿಟ್ಟು ಹೋದ್ರು. ನಾನು ಅಲ್ಲಿ ಗುಂಡಿ ತೋಡಿ ಬಂದೆ." ಹುಲ್ಲುಗಾವಲಿನ ಕಡೆ ಕೈ ಮಾಡಿದಳು. "ಈ ದಾರಿ ಸರೋವರದವರೆಗೂ ಸೈಕಲ್ಲಿನವರದೇ. ನಡ್ಕೊಂಡು ಹೋಗಿ ಎತ್ಕೊಂಡು, ಹತ್ತಿ ಕೂತು ಬಂದಿದ್ರೆ ಆಗ್ತಿತ್ತು."

ಮಿಲ್ಟನ್ ತನ್ನ ಸೈಕಲ್ಲಿನ ಗಾಳಿ ಪರೀಕ್ಷಿಸಲು ಹೋದ.

ಆಗ ವರ್ಲಾ ಏರು ಹತ್ತಿ ಬಂದಳು, ಹೆಗಲ ಮೇಲೆ ಗಾಳದ ಕೋಲು. ಕ್ಯಾಂಪರಿನ ಹಿಂದೆ ಸೈಕಲ್ ತೂಗುಹಾಕುವ ಕೊಂಡಿ ಖಾಲಿ ಇದ್ದದ್ದು ನೋಡಿ ಚಕ್ರದ ಗುರುತು ಹಿಡಿದು ಬಂದಿದ್ದಳು. ಸೈಕಲ್ಲನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ತಲೆ ಎತ್ತಿದಳು, ಬೆಟ್ಟಗಳು ಕಂಡವು. ಕೋಲು ಕೈಯಿಂದ ಜಾರಿತು.

"ಅಯ್ಯೋ," ಎಂದಳು, ಮೆಲ್ಲಗೆ. ಅದು ಸೈಕಲ್ಲಿಗೆ ಹೇಳಿದ್ದಲ್ಲ.

"ಕೆಳಗೆ ಮೇಕೆಗಳಿವೆ ವರ್ಲಾ," ಎಂದ ಹಾರ್ಲನ್ ಆತುರದಿಂದ. "ಒಂದು ಮರಿ. ನನಗೆ ಜಾಗ ಗೊತ್ತು. ಕಲ್ಲು ಜಾರುತ್ತೆ, ಕೈ ಹಿಡ್ಕೊ, ನಾನು ಕರ್ಕೊಂಡು ಹೋಗ್ತೀನಿ."

ವರ್ಲಾ ಅವನು ಚಾಚಿದ ಕೈಯನ್ನು ನೋಡಿದಳು.

"ಬೇಡ. ಕೇಳದೆ ನನ್ನ ಸೈಕಲ್ ಮುಟ್ಟಿದ ಕೈ ಅದು," ಎಂದಳು.