ಆರೋಗ್ಯ ಕೇಂದ್ರದ ಫೋನಿನೊಳಗಿರುವ ಧ್ವನಿಗೆ, ಸ್ವರ ಹೋಗಿದ್ದವಳಿಂದ

ಮಾನ್ಯ ಧ್ವನಿಯವರೇ,

ದೋಹಾದ ನಜ್ಮಾದಲ್ಲಿ, ಹೊಲಿಗೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ವಾಸಿಸುವ ಜಾನಿಸ್ ಎಂಬವಳು ತಲೆಬಾಗಿ ಮಾಡುವ ವಂದನೆಗಳು. ತಮ್ಮ ಗಂಟಲು ಕ್ಷೇಮವಾಗಿದೆಯೇ ಎಂದು ಕೇಳುವುದು ವಾಡಿಕೆ. ಆದರೆ ಕಳೆದ ವಾರವಿಡೀ ಅದರ ಕ್ಷೇಮವನ್ನು ನಾನೇ ಕಿವಿಯಾರೆ ಕೇಳಿರುವುದರಿಂದ ಆ ಔಪಚಾರಿಕತೆಯನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮಂಗಳೂರಿನಲ್ಲಿ ಸಾಹಿತ್ಯ ಓದಿ, ಇಲ್ಲಿ ಅಣ್ಣ ಕೆನೆತ್ ಮತ್ತು ಅತ್ತಿಗೆ ಜೋಆನ್ ಅವರ ಮನೆಯಲ್ಲಿದ್ದುಕೊಂಡು ಶಾಲೆಯೊಂದರ ಲೈಬ್ರರಿಯಲ್ಲಿ ಕೆಲಸ ಮಾಡುವ ನಾನು ಹುಟ್ಟಾ ಮಿತಭಾಷಿ. ಆದ್ದರಿಂದ ನನ್ನ ಸ್ವರ ಪೂರ್ತಿಯಾಗಿ ಹೋದ ಸಂಗತಿ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಲೈಬ್ರರಿಯಲ್ಲಂತೂ ಈ ವಾರ ಬಹಳ ಶಿಸ್ತಿನಿಂದಿದ್ದೀರಿ ಎಂದು ಮೆಚ್ಚುಗೆಯೇ ಸಿಕ್ಕಿತು. ಕೊನೆಗೊಮ್ಮೆ ಅತ್ತಿಗೆ ಸಾರಿಗೆ ಉಪ್ಪು ಸಾಕೇ ಎಂದು ಕೇಳಿದಾಗ ನನ್ನ ಬಾಯಿಂದ ಬರೀ ಗಾಳಿ ಬಂದದ್ದನ್ನು ಕಂಡು, ಅವರು ಸಾರಿಗೆ ಇನ್ನಷ್ಟು ಉಪ್ಪು ಹಾಕಿ, ಆಮೇಲೆ ಕಾಳುಮೆಣಸಿನ ಕಷಾಯ ಕಾಯಿಸಲು ಹೋದರು.

ನನಗೊಬ್ಬ ಕುಟುಂಬ ವೈದ್ಯರಿದ್ದಾರೆಂದು ಆಗಲೇ ನನಗೆ ನೆನಪಾದದ್ದು. ಸರ್ಕಾರ ಕೊಟ್ಟ ಹೆಲ್ತ್ ಕಾರ್ಡ್ ಇದ್ದವರಿಗೆಲ್ಲ ಅವರವರ ವಿಳಾಸದ ಹತ್ತಿರದ ಕೇಂದ್ರದಲ್ಲಿ ಒಬ್ಬ ವೈದ್ಯರನ್ನು ಗೊತ್ತುಪಡಿಸುವ ತಮ್ಮ ಏರ್ಪಾಡು ನಿಜಕ್ಕೂ ದೊಡ್ಡದು. ಆ್ಯಪಿನಲ್ಲಿ ನನ್ನ ವೈದ್ಯರ ಫೋಟೊ ಕೂಡ ಇದೆ. ಅಷ್ಟು ಅಂತಃಕರಣದಿಂದ ನನ್ನನ್ನು ನೋಡಿದವರು ನಮ್ಮ ಕುಟುಂಬದಲ್ಲೇ ಕಡಿಮೆ. ಅವರಿರುವುದು ಮಾತ್ರ ಅಲ್ ಶಮಾಲ್‌ನಲ್ಲಿ, ಅಂದರೆ ದೇಶದ ಉತ್ತರದ ತುದಿಯಲ್ಲಿ. ಇನ್ನೊಂದಿಷ್ಟು ಮುಂದೆ ಹೋದರೆ ಅವರೂ ನೀರಲ್ಲಿ, ನಾನೂ ನೀರಲ್ಲಿ.

ಇದರಲ್ಲಿ ತಮ್ಮ ತಪ್ಪಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಅಣ್ಣ ಮೊದಲು ಅಲ್ಲಿ ಕೆಲಸದಲ್ಲಿದ್ದ. ಮನೆಯ ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು. ನಜ್ಮಾಕ್ಕೆ ಬಂದು ವರ್ಷಗಳಾದರೂ ಅವನು ಆ ವಿಳಾಸವನ್ನು ಬದಲಾಯಿಸಿಲ್ಲ. ನಾನು ಬಂದಾಗ ನನ್ನನ್ನೂ ಅದೇ ವಿಳಾಸಕ್ಕೆ ಸೇರಿಸಿದ. ಯಾಕೆಂದು ಕಾಗದದ ಮೇಲೆ ಬರೆದು ಕೇಳಿದ್ದಕ್ಕೆ, "ನಾವು ಮಲ್ಪೆಯವರು ಮಾರಾಯ್ತಿ, ಇಲ್ಲಿ ಕಿಟಕಿ ತೆಗೆದ್ರೆ ಪಕ್ಕದವನ ಏಸಿ ಕಾಣ್ತದೆ. ದಾಖಲೆಯಲ್ಲಾದ್ರೂ ಕಡಲು ಇರ್ಲಿ" ಎಂದ. ಕಡಲತೀರದವರ ಈ ದೌರ್ಬಲ್ಯಕ್ಕೆ ತಮ್ಮ ಕಂಪ್ಯೂಟರಿನಲ್ಲಿ ಯಾವುದಾದರೂ ಕಾಲಂ ಇದೆಯೇ?

ಹತ್ತಿರದಲ್ಲೇ ಯಾರಾದರೂ ಸಿಗಬಹುದೆಂದು ನಜ್ಮಾವನ್ನೆಲ್ಲ ಸುತ್ತಿದೆ. ಇಲ್ಲಿ ಟೈಲರುಗಳು ಎಷ್ಟಿದ್ದಾರೋ ಕ್ಲಿನಿಕ್ಕುಗಳೂ ಹೆಚ್ಚುಕಡಿಮೆ ಅಷ್ಟೇ ಇವೆ, ಆದರೆ ಎಲ್ಲವೂ ಖಾಸಗಿ. ನನ್ನ ಕಾರ್ಡನ್ನು ಅವರು ನೋಡುವ ರೀತಿ ಬೇರೆ ದೇಶದ ನಾಣ್ಯವನ್ನು ನೋಡುವ ರೀತಿ. ಒಂದು ಕಡೆ ರಿಸೆಪ್ಷನ್ನಿನಲ್ಲಿದ್ದ ಅಸೀಫಾ ಎಂಬ ಉಳ್ಳಾಲದ ಹುಡುಗಿಯ ಬಳಿ ನಾನು ಪಿಸುಗುಟ್ಟಿದೆ. ಪಿಸುಗುಟ್ಟುವವರಿಗೆ ಜನ ಪಿಸುಮಾತಿನಲ್ಲೇ ಉತ್ತರಿಸುತ್ತಾರೆಂಬುದನ್ನು ತಾವು ಗಮನಿಸಿರಲಾರಿರಿ. ಅವಳೂ ಅತ್ತಿತ್ತ ನೋಡಿ, ಮೇಜಿನ ಮೇಲೆ ಬಾಗಿ, "ಡಾಕ್ಟ್ರು ಉಂಟು ಅಕ್ಕ, ಒಳ್ಳೇ ಡಾಕ್ಟ್ರು. ಆದ್ರೆ ಈ ಕಾರ್ಡ್ ಇಲ್ಲಿ ಮಾಫಿ, ನಡೆಯುದಿಲ್ಲ. ನೀವು ಸರ್ಕಾರಿ ಕೇಂದ್ರದ ಆ ಫೋನಿಗೇ ಮಾತಾಡಿ" ಎಂದು ಕಳ್ಳಸಾಗಣೆಯ ಗುಟ್ಟಿನಂತೆ ಉಸುರಿದಳು. ಕೂತಿದ್ದ ರೋಗಿಗಳೆಲ್ಲ ನಮ್ಮಿಬ್ಬರನ್ನು ಅನುಮಾನದಿಂದ ನೋಡಿದರು.

ಹೀಗೆ ನಾನು ತಮ್ಮ ಸನ್ನಿಧಿಗೆ ಬಂದೆ. ಮೊದಲೆಲ್ಲ ಗುಂಡಿ ಒತ್ತಿದರೆ ಸಾಕಿತ್ತಂತೆ. ಈಗ ತಾವು ಸುಧಾರಿಸಿ, ರೋಗಿ ಬಾಯಿಬಿಟ್ಟು ಹೇಳಿದರೆ ಮಾತ್ರ ಕೇಳಿಸಿಕೊಳ್ಳುತ್ತೀರಿ. "ನಿಮ್ಮ ತೊಂದರೆಯನ್ನು ಸ್ಪಷ್ಟವಾಗಿ ಹೇಳಿ" ಎಂದಿರಿ. ನನ್ನ ತೊಂದರೆಯನ್ನು ನನಗಿಂತ ಸ್ಪಷ್ಟವಾಗಿ ಯಾರೂ ಹೇಳಲಾರರು, ಏಕೆಂದರೆ ಹೇಳಲಾಗದಿರುವುದೇ ನನ್ನ ತೊಂದರೆ. ಅಣ್ಣ ಫೋನು ಕಿತ್ತುಕೊಂಡು ನನ್ನ ಪರವಾಗಿ ಕೂಗಿದಾಗ, ರೋಗಿಯೇ ಮಾತಾಡಬೇಕೆಂದು ಅವನನ್ನು ವಿನಯದಿಂದ ಹೊರಹಾಕಿದಿರಿ. ಕೊನೆಗೆ ಸ್ವಲ್ಪ ಹೊತ್ತು ಕಾದು, "ಉತ್ತರ ಬರದ ಕಾರಣ ಒಪ್ಪಿಗೆ ಎಂದು ದಾಖಲಿಸಲಾಗಿದೆ" ಎಂದು, ಮುಂದಿನ ತಿಂಗಳು ಅಲ್ ಶಮಾಲ್‌ನಲ್ಲಿ ಭೇಟಿ ನಿಗದಿ ಮಾಡಿದಿರಿ. ಮುಂದಿನ ತಿಂಗಳ ಹೊತ್ತಿಗೆ ನನ್ನ ಗಂಟಲು ತಾನಾಗಿಯೇ ವಾಸಿಯಾಗಿರುತ್ತದೆಂಬ ತಮ್ಮ ವೈದ್ಯಕೀಯ ದೂರದೃಷ್ಟಿಗೆ ಏನೆನ್ನಲಿ?

ಒಂದು ತಿಂಗಳು ಕಾಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಕಾಯುವಂತಿರಲಿಲ್ಲ, ಮಾನ್ಯರೇ. ಶುಕ್ರವಾರ ಎಲೈಜಾನ ಮನೆಯವರು ಬರುವವರಿದ್ದರು.

ಎಲೈಜಾ ದೋಹಾದಲ್ಲೇ ಅಲ್ ಸದ್ದ್‌ನ ಫ್ಲ್ಯಾಟಿನಲ್ಲಿ ತಾಯಿಯೊಂದಿಗಿರುವ ವರ. ಸ್ವರ ಹೋದ ಆರಂಭದಲ್ಲೇ ಅವರಿಬ್ಬರೂ ನನ್ನನ್ನು ನೋಡಲು ಬಂದಿದ್ದರು. ತನ್ನ ಕಾರು ಎಷ್ಟು ಪೆಟ್ರೋಲು ಕುಡಿಯುತ್ತದೆ, ಅದನ್ನು ಕಡಿಮೆ ಕುಡಿಸುವುದು ಹೇಗೆ ಎಂಬ ಬಗ್ಗೆ ಅವನು ಚಹಾ ಆರುವವರೆಗೆ ಮಾತಾಡಿದ. ನಾನು ನಡುವೆ ಬಾಯಿ ಹಾಕಲಿಲ್ಲ. ಅವನ ತಾಯಿಗೆ ಕಣ್ಣು ತುಂಬಿ ಬಂತು. "ಮಾತೇ ಇಲ್ಲ ನೋಡಿ! ಈಗಿನ ಕಾಲದಲ್ಲಿ ಇಂಥ ಹುಡುಗಿ ಎಲ್ಲಿ ಸಿಗ್ತದೆ?" ಎಂದು ಅತ್ತಿಗೆಯ ಕೈ ಹಿಡಿದುಕೊಂಡರು. ಅಲ್ಲಿಗೆ ನನ್ನ ಕಾಯಿಲೆಗೆ ವರ ಗೊತ್ತಾಯಿತು.

ನನಗೆ ಈ ಮದುವೆ ಬೇಡವೆಂದು ಅಂದೇ ಅಣ್ಣನ ಮೊಬೈಲಿಗೆ ಬರೆದು ಕಳಿಸಿದೆ. ಸಾಹಿತ್ಯ ಓದಿದವಳಾದ್ದರಿಂದ ಸ್ವಲ್ಪ ಉದ್ದವಾಯಿತು, ಒಂದೆರಡು ಉಪಮೆಗಳೂ ನುಸುಳಿದವು. ಅಣ್ಣ ಬಂದ ಸಂದೇಶಕ್ಕೆಲ್ಲ ಓದದೆಯೇ ಹೆಬ್ಬೆರಳೆತ್ತುವವನು, ಇದಕ್ಕೂ ಎತ್ತಿದ. ಅತ್ತಿಗೆಗೆ ಕಳಿಸಿದರೆ ಅವರು ಪೂರ್ತಿ ಓದಿ, "ಎಷ್ಟು ಚಂದ ಬರೀತಿ ಜಾನಿಸ್! ಇದನ್ನು ಇಗರ್ಜಿಯ ಸಂಚಿಕೆಗೆ ಕೊಡು" ಎಂದರು. ಬರೆದದ್ದನ್ನು ಮೆಚ್ಚುವವರಿದ್ದಾರೆ, ನಂಬುವವರಿಲ್ಲ. ಹಾಗಾಗಿ ಶುಕ್ರವಾರದೊಳಗೆ ನನಗೊಬ್ಬ ವೈದ್ಯರು ಬೇಕಿತ್ತು. ಒಂದೇ ಒಂದು ಪದಕ್ಕೆ ಸಾಲುವಷ್ಟು ಸ್ವರ ಕೊಟ್ಟಿದ್ದರೂ ಸಾಕಿತ್ತು. ತಾವಾದರೋ ನಾನು ಕರೆ ಮಾಡಿದಾಗಲೆಲ್ಲ ನನ್ನ ಮೌನವನ್ನು ಒಪ್ಪಿಗೆಯೆಂದು ಬರೆದುಕೊಳ್ಳುತ್ತ ಎಲೈಜಾನ ತಾಯಿಯ ಪಕ್ಷವನ್ನೇ ಸೇರಿದಿರಿ.

ಶುಕ್ರವಾರ, ಅಂದರೆ ಇಲ್ಲಿನ ರಜೆಯ ದಿನ, ಇಗರ್ಜಿಯ ಪೂಜೆ ಮುಗಿಸಿ ಅವರು ಬಂದರು. ದಿನ ಗೊತ್ತುಮಾಡುವ ಮಾತು ಶುರುವಾಯಿತು. "ಹುಡುಗಿಯದ್ದು ಒಪ್ಪಿಗೆ ತಾನೇ?" ಎಂದು ತಾಯಿ ಕೇಳಿದರು. ನಾನು ಬೇಡವೆಂದು ಜೋರಾಗಿ ತಲೆಯಾಡಿಸಿದೆ. ಅದನ್ನು ಅವರು ನಾಚಿಕೆ ಎಂದುಕೊಂಡರು. ಆಗ ತಮ್ಮ ಕರೆ ಬಂತು. ಏನೋ ತುರ್ತಿರಬೇಕೆಂದು ಅಣ್ಣ ನನ್ನ ಫೋನನ್ನು ಸ್ಪೀಕರಿಗೆ ಹಾಕಿ ಬಿಸ್ಕತ್ತಿನ ತಟ್ಟೆಯ ಪಕ್ಕದಲ್ಲಿಟ್ಟ. "ಅಲ್ ಶಮಾಲ್ ಕೇಂದ್ರವನ್ನೇ ನಿಮ್ಮ ಕಾಯಂ ಕೇಂದ್ರವಾಗಿ ಒಪ್ಪುತ್ತೀರಾ? ಉತ್ತರ ಬರದಿದ್ದರೆ ಒಪ್ಪಿಗೆ ಎಂದು ದಾಖಲಿಸಲಾಗುವುದು" ಎಂದು ತಾವು ಅದೇ ಮಧುರ ಸ್ವರದಲ್ಲಿ ಕೇಳಿದಿರಿ. ಆ "ಕಾಯಂ" ಎಂಬುದು ನನ್ನ ಗಂಟಲಿನ ಯಾವ ಮೂಲೆಯನ್ನು ಮುಟ್ಟಿತೋ ತಿಳಿಯದು, ಕೆಳಗಿನ ಟೈಲರು ಮಷೀನು ನಿಲ್ಲಿಸುವಷ್ಟು ಗಟ್ಟಿಯಾಗಿ "ಬೇಡ!" ಎಂದು ಕಿರುಚಿದೆ.

ತಾವು "ಧನ್ಯವಾದಗಳು" ಎಂದು ಕರೆ ಮುಗಿಸಿದಿರಿ. ಬಂದ ಸ್ವರ ಮತ್ತೆ ಯಾವಾಗ ಹೋಗುತ್ತದೋ ಎಂಬ ಹೆದರಿಕೆಯಲ್ಲಿ ನಾನು ಎಲೈಜಾನ ತಾಯಿಯ ಕಡೆ ತಿರುಗಿ, "ಇದೂ ಬೇಡ ಆಂಟಿ, ಕ್ಷಮಿಸಿ" ಎಂದೆ. ಅವರು ಎಲೈಜಾನನ್ನು ನೋಡಿದರು. ಎಲೈಜಾ ಕಾರಿನ ಕೀಲಿಯನ್ನು ನೋಡಿದ. ಮೆಟ್ಟಿಲಿಳಿಯುವಾಗ ತಾಯಿ, "ಎಂಥ ಗಂಟಲು ಅವಳದ್ದು, ದೇವರೇ!" ಎಂದದ್ದು ಕೇಳಿಸಿತು. ಯಾವ ವೈದ್ಯರೂ ನನ್ನ ಗಂಟಲಿಗೆ ಇದಕ್ಕಿಂತ ಒಳ್ಳೆಯ ಪ್ರಮಾಣಪತ್ರ ಕೊಟ್ಟಿರಲಿಲ್ಲ. ಅಣ್ಣ ಹೆಬ್ಬೆರಳೆತ್ತಲಿಲ್ಲ, ಮೊಬೈಲು ತೆಗೆದು ನನ್ನ ಹಳೆಯ ಸಂದೇಶವನ್ನು ಮೊದಲಿನಿಂದ ಓದತೊಡಗಿದ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಸಣ್ಣವು. ಅಲ್ ಶಮಾಲ್ ಅನ್ನು ದಯವಿಟ್ಟು ಸ್ವಲ್ಪ ದಕ್ಷಿಣಕ್ಕೆ ಸರಿಸಿ ನಜ್ಮಾದ ಬಸ್ ನಿಲ್ದಾಣದ ಬಳಿ ಇಡುವುದು. ಬರುವಾಗ ಅಣ್ಣನಿಗಾಗಿ ಸಮುದ್ರವನ್ನೂ ತರುವುದು. ನಾಚಿಕೆಯವರಿಗಾಗಿ ಬರೀ ಉಸಿರಾಟ ಕೇಳಿ ಅರ್ಥಮಾಡಿಕೊಳ್ಳುವ ಪ್ರತ್ಯೇಕ ಲೈನು ತೆರೆಯುವುದು. ಇಷ್ಟಾಗದಿದ್ದರೆ, ತಮ್ಮನ್ನೇ ನನ್ನ ಕುಟುಂಬ ವೈದ್ಯರಾಗಿ ನೇಮಿಸುವುದು. ಇಲ್ಲಿಯವರೆಗೆ ನನ್ನನ್ನು ಗುಣಪಡಿಸಿದವರು ತಾವೊಬ್ಬರೇ, ಅದೂ ಕಾರ್ಡು ಕೇಳದೆ.

ತಮ್ಮ ವಿಶ್ವಾಸಿ,
ಜಾನಿಸ್

ತಾ.ಕ.: ಇಂದು ಬೆಳಿಗ್ಗೆ ತಾವು ಮತ್ತೆ ಕರೆ ಮಾಡಿ ನಮ್ಮ ಸೇವೆ ತೃಪ್ತಿ ತಂದಿದೆಯೇ ಎಂದು ಕೇಳಿದಿರಿ. ನಾನು ಏನೂ ಹೇಳಲಿಲ್ಲ. ದಯವಿಟ್ಟು ಇದನ್ನು ಒಪ್ಪಿಗೆ ಎಂದು ದಾಖಲಿಸಬೇಡಿ; ಈಗ ನನಗೆ ಸ್ವರವಿದೆ, ಈ ಮೌನ ನನ್ನ ಸ್ವಂತದ್ದು.