ಪುಸ್ತಕದಾಗಿನ ಕಾರು, ಅಂಗಳದಾಗಿನ ಕಾರು

ಹೊಸ ಕಾರು ಮನೆಗೆ ಬಂದ ಮೊದಲ ವಾರ ಪೂಜೆಯಲ್ಲಿ ಹೋಗುತ್ತದೆ, ಎರಡನೆಯ ವಾರ ಬೀಗರಿಗೆ ತೋರಿಸಿ ಬರುವುದರಲ್ಲಿ. ಮೂರನೆಯ ವಾರ ಮನೆಯಲ್ಲಿ ಯಾರೋ ಒಬ್ಬರು ಕನ್ನಡಕ ಹಾಕಿಕೊಂಡು, ಶೋರೂಮಿನವರು ಕೊಟ್ಟ ಕಾರಿನ ವಿವರಗಳ ಬಣ್ಣದ ಪುಸ್ತಕ ಓದಲು ಕೂಡುತ್ತಾರೆ. ನಾಲ್ಕನೆಯ ವಾರ ಅವರು ನನ್ನ ಕಚೇರಿಯಲ್ಲಿರುತ್ತಾರೆ. ಇದು ನಿಲ್ಲುವ ಲಕ್ಷಣ ನನಗಂತೂ ಕಾಣುತ್ತಿಲ್ಲ.

ನಾನು ಬೀದರಿನಲ್ಲಿ ವಕೀಲಿ ಮಾಡುವಾಕೆ. ಮೊದಲೆಲ್ಲ ಹೊಲದ ಬಾಂದಿನ ಗಡಿ ಜಗಳ, ಅಣ್ಣತಮ್ಮಂದಿರ ಪಾಲು ಇವೇ ನನ್ನ ಕೆಲಸ. ಒಮ್ಮೆ ಒಂದು ಕಾರಿನ ದೂರು ಕೈ ಹತ್ತಿತು ನೋಡಿ, ಅಲ್ಲಿಂದ ಜಿಲ್ಲೆಯಲ್ಲಿ ಯಾರ ಕಾರು ಪುಸ್ತಕಕ್ಕೆ ಹೊಂದದಿದ್ದರೂ ನನ್ನ ವಿಳಾಸ ಕೊಟ್ಟು ಕಳಿಸುವುದು ರೂಢಿಯಾಯಿತು. "ನೀ ವಕೀಲಳೋ, ಮೆಕ್ಯಾನಿಕ್ಕೋ?" ಎಂದು ನಮ್ಮ ಮನೆಯವರು ಕೇಳುತ್ತಾರೆ. ಗ್ರಾಹಕರ ಆಯೋಗದಲ್ಲಿ ಶೋರೂಮುಗಳ ಪರವಾಗಿ ನಿಲ್ಲುವವರು ಹೆಚ್ಚಾಗಿ ಒಬ್ಬರೇ ಹಿರಿಯ ವಕೀಲರು. ಅವರೂ ಬೀದರಿನವರೇ. ಒಳಗೆ ಇಬ್ಬರೂ ವಾದ ಮಾಡುತ್ತೇವೆ, ಹೊರಗೆ ಬಂದು ಒಂದೇ ಹೋಟೆಲಿನಲ್ಲಿ ಚಹಾ ಕುಡಿಯುತ್ತೇವೆ. ನಾನು ಅವರಿಗೆ ಅಣ್ಣಾ ಎನ್ನುತ್ತೇನೆ.

ಬಿಟ್ಟ ಸ್ಥಳ ತುಂಬಿರಿ

ಆ ಮೊದಲ ದೂರು ತಂದವರು ಭಾಲ್ಕಿಯ ನಿವೃತ್ತ ಹೆಡ್ ಮಾಸ್ತರರು. ಮಗಳು ದಿನಾ ಭಾಲ್ಕಿಯಿಂದ ಬೀದರಿಗೆ ನೌಕರಿಗೆ ಓಡಾಡುತ್ತಾಳೆ. ಲಾರಿಗಳ ನಡುವಿನ ಆ ದಾರಿ ನೆನೆದರೆ ಮಾಸ್ತರರಿಗೆ ಊಟ ಸೇರುತ್ತಿರಲಿಲ್ಲ. ಅದಕ್ಕೇ ಆರು ಏರ್‌ಬ್ಯಾಗ್ ಇರುವ ಕಾರನ್ನೇ ಹುಡುಕಿ ತಂದಿದ್ದರು. ಪುಸ್ತಕದಲ್ಲಿ ಆ ಕಾರಿನ ಮುಂದೆ ಆರು ಎಂದೇ ಅಚ್ಚಾಗಿತ್ತು. ಮನೆಗೆ ತಂದು ಎಣಿಸಿದರೆ ಎರಡು.

"ಕೂಡಲೇ ಶೋರೂಮಿಗಿ ಹೋದೆ ತಂಗಿ," ಎಂದರು ಮಾಸ್ತರರು. "ಮ್ಯಾನೇಜರ್ ನನಗೇ ತಿರುಗಿ ಕೇಳ್ತಾನ, 'ಉಳಿದ ನಾಲ್ಕು ನಿಮಗ ಯಾವಾಗ ಬೇಕಾಗ್ತಾವ್ರಿ ಸರ್?' ಅಂತ."

"ನೀವೇನಂದ್ರಿ?"

"ಅದು ಮೊದಲೇ ಗೊತ್ತಿದ್ದರ ಆ ದಿನ ಮಗಳಿಗಿ ರಜಾ ಹಾಕಿಸ್ತಿದ್ದೆ ಅಂದೆ."

ಹೇಳಿ ಅವರು ಮನೆಗೆ ಬರಲಿಲ್ಲ. ಅಲ್ಲೇ ಒಂದು ಹಾಳೆ ಇಸಿದುಕೊಂಡು ಪ್ರಶ್ನೆಪತ್ರಿಕೆ ಬರೆದರು. ಮೂವತ್ತಾರು ವರ್ಷದ ರೂಢಿ, ಬೇರೆ ರೀತಿಯ ಅರ್ಜಿ ಅವರ ಕೈಗೆ ಬರುವುದೇ ಇಲ್ಲ. "ಎಲ್ಲ ಪ್ರಶ್ನೆಗಳಿಗೂ ಕಡ್ಡಾಯವಾಗಿ ಉತ್ತರಿಸಿರಿ. ಒಂದು, ಬಿಟ್ಟ ಸ್ಥಳ ತುಂಬಿರಿ. ಪುಸ್ತಕದಲ್ಲಿರುವ ಏರ್‌ಬ್ಯಾಗುಗಳು ಆರು, ಕಾರಿನಲ್ಲಿರುವ ಏರ್‌ಬ್ಯಾಗುಗಳು ಡ್ಯಾಶ್." ಅದರ ಕೆಳಗೆ ಹೊಂದಿಸಿ ಬರೆಯಿರಿ, ಕಾರಣ ಕೊಡಿರಿ. ಒಟ್ಟು ಇಪ್ಪತ್ತೈದು ಅಂಕ.

ಆ ಮ್ಯಾನೇಜರ್ ಹೆದರಿದನೋ, ಹಳೆಯ ಶಾಲೆಯ ನೆನಪು ಬಂತೋ, ನನಗೆ ಗೊತ್ತಿಲ್ಲ. ಉಳಿದ ಪ್ರಶ್ನೆ ಎಲ್ಲ ಬಿಟ್ಟು ಮೊದಲನೆಯದಕ್ಕೆ ಮಾತ್ರ "ಎರಡು" ಎಂದು ತುಂಬಿ, ಸಹಿ ಹಾಕಿ, ಶೋರೂಮಿನ ಸಿಕ್ಕಾ ಹೊಡೆದು ಕೊಟ್ಟಿದ್ದ.

ನಾನು ನೋಟಿಸಿನ ಜೊತೆ ಅದರ ನಕಲು ಲಗತ್ತಿಸಿದೆ. ಮಾರುವಾಗ ಹೇಳಿದ್ದು ಒಂದು, ಕೊಟ್ಟದ್ದು ಇನ್ನೊಂದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಎಲ್ಲಿ ಹುಡುಕಲಿ? ನೋಟಿಸ್ ಓದಿ ಅಣ್ಣ ನನಗೆ ಫೋನ್ ಮಾಡಿದರು. "ತಂಗಿ, ವಾದ ಮಾಡಲಿಕ್ಕೆ ನನಗೇನೂ ಉಳಿಸಿಲ್ಲ ನಮ್ಮ ಮ್ಯಾನೇಜರ್," ಎಂದರು. ಆಯೋಗದ ಮೆಟ್ಟಿಲು ಹತ್ತುವ ಮೊದಲೇ ಶೋರೂಮಿನವರು ಹಳೆಯ ಗಾಡಿ ವಾಪಸ್ ತೆಗೆದುಕೊಂಡು, ಆರು ಏರ್‌ಬ್ಯಾಗಿನದೇ ಕೊಟ್ಟರು.

ಕೀಲಿ ಇಸಿದುಕೊಂಡ ಮೇಲೆ ಮಾಸ್ತರರು ಕಿಸೆಯಿಂದ ಆ ಉತ್ತರ ಪತ್ರಿಕೆ ತೆಗೆದು ಮ್ಯಾನೇಜರನ ಕೈಗೆ ಕೊಟ್ಟರು. ಕೆಂಪು ಪೆನ್ನಿನಲ್ಲಿ ತಿದ್ದಿದ್ದರು: "ಇಪ್ಪತ್ತೈದಕ್ಕೆ ಒಂದು. ಉತ್ತರ ಪ್ರಾಮಾಣಿಕವಾಗಿದೆ. ಅಕ್ಷರ ಸುಧಾರಿಸಬೇಕು."

ಮುದ್ರೆ ಇರುವ ಲೀಟರ್

ಬಗದಲ್ ಊರಿನ ಹಾಲಿನವರೊಬ್ಬರು ಒಂದು ದಿನ ಕಾರಿನ ಹಿಂದೆ ನಾಲ್ಕು ಖಾಲಿ ಕ್ಯಾನು ಹೊತ್ತ ಟಂಟಂ ಆಟೋ ಕರೆದುಕೊಂಡು ನನ್ನ ಕಚೇರಿಗೆ ಬಂದರು. ಕಾರು ಅವರದೇ. ಕ್ಯಾನುಗಳೂ ಅವರವೇ.

"ಕ್ಯಾನು ಆಟೋದಾಗ ಯಾಕ್ರಿ?" ಎಂದೆ.

"ಅದೇ ತಕರಾರು ಮೇಡಂ," ಎಂದರು.

ಬೀದರಿನ ಎರಡು ಹಾಸ್ಟೆಲುಗಳಿಗೆ ಅವರು ಬೆಳಿಗ್ಗೆ ಹಾಲು ಹಾಕುತ್ತಾರೆ. ಬೈಕಿಗೆ ಕ್ಯಾನು ಕಟ್ಟಿ ಕಟ್ಟಿ ಸೊಂಟ ಹೋಗಿತ್ತು. ಹೆಂಡತಿ ಹಟ ಹಿಡಿದು ಕಾರು ಕೊಡಿಸಿದ್ದಳು. ಗ್ಯಾಸಿನ ಮೇಲೆ ಓಡುವ ಗಾಡಿ, ಡಿಕ್ಕಿ ನಾನೂರು ಲೀಟರ್ ಎಂದು ಪುಸ್ತಕದಲ್ಲಿ ದೊಡ್ಡ ಅಕ್ಷರ. ಮನೆಗೆ ತಂದು ಡಿಕ್ಕಿ ತೆಗೆದರೆ ಒಳಗೆ ಗ್ಯಾಸಿನ ಸಿಲಿಂಡರ್ ಮಲಗಿತ್ತು. ಅದರ ಪಕ್ಕ ಒಂದು ಕ್ಯಾನು ಹೇಗೋ ಓರೆಯಾಗಿ ನಿಲ್ಲುತ್ತಿತ್ತು. ಪುಸ್ತಕವನ್ನು ನಾನು ಭೂತಗನ್ನಡಿ ಹಿಡಿದು ನೋಡಿದೆ. ನಾನೂರರ ತಲೆಯ ಮೇಲೆ ಸಾಸಿವೆ ಕಾಳಿನಷ್ಟು ಚುಕ್ಕಿ. ಕೊನೆಯ ಪುಟದ ತಳದಲ್ಲಿ ಅದೇ ಚುಕ್ಕಿಯ ಮುಂದೆ, ಇರುವೆ ಸಾಲಿನಂತೆ, ಈ ಅಳತೆ ಪೆಟ್ರೋಲ್ ಗಾಡಿಗೆ ಮಾತ್ರ ಎಂದಿತ್ತು.

ತನ್ನ ಹೊಟ್ಟೆಪಾಡಿಗಾಗಿ ತಾನೇ ಓಡಿಸಲು ತಂದ ಗಾಡಿಯಾದ್ದರಿಂದ ದೂರು ಕೊಡಲು ಅಡ್ಡಿಯಿರಲಿಲ್ಲ. ಆಯೋಗದಲ್ಲಿ ಅಣ್ಣ ಎದ್ದು ನಿಂತು ಶಾಂತವಾಗಿ ವಾದ ಶುರು ಮಾಡಿದರು. "ಸ್ವಾಮಿ, ಕಾರಿನ ಲೀಟರ್ ಅಂದರೆ ಜಾಗದ ಅಂದಾಜು. ದೂರುದಾರರು ಅದನ್ನು ಹಾಲಿನ ಲೀಟರ್ ಅಂತ ತಿಳಿದುಕೊಂಡಿದ್ದಾರೆ."

ನನ್ನ ಹಿಂದೆ ಕೂತಿದ್ದ ಹಾಲಿನವರು ಕೈ ಎತ್ತಿದರು. ಅಧ್ಯಕ್ಷರು ಮಾತಾಡಿ ಎಂದರು.

"ಸಾಹೇಬ್ರ, ನನ್ನ ಲೀಟರಿನ ಮ್ಯಾಲ ಸರ್ಕಾರದ ಮುದ್ರಿ ಅದ. ಅಳತಿ ಇಲಾಖೆಯವರು ಬಂದು ನೋಡ್ತಾರ, ಹತ್ತು ಹನಿ ಕಮ್ಮಿ ಬಂದ್ರ ನನಗ ದಂಡ. ನಾ ಹೋಗಿ 'ಇದು ಅಂದಾಜ್ರೀ, ಕ್ಯಾನಿನ ತಳಕ್ಕ ಚುಕ್ಕಿ ಇಟ್ಟೀನಿ ನೋಡ್ರಿ' ಅಂದ್ರ ಬಿಡ್ತಾರೇನ್ರಿ? ಇವರ ಲೀಟರಿಗಿ ಮುದ್ರಿ ಹೊಡಿಯೋರು ಯಾರ್ರಿ?"

ಅಧ್ಯಕ್ಷರ ಪಕ್ಕದಲ್ಲಿ ಕೂತಿದ್ದ ಮಹಿಳಾ ಸದಸ್ಯರು ಪುಸ್ತಕದಿಂದ ತಲೆ ಎತ್ತದೆ ಹೇಳಿದರು: "ಇವತ್ತು ನಾವು."

ಕಂಪನಿ ಆ ಕಾರು ವಾಪಸ್ ಪಡೆಯಿತು. ಹಾಲಿನವರು ಈಗ ದೊಡ್ಡ ಡಿಕ್ಕಿಯ ಇನ್ನೊಂದು ಗಾಡಿಯಲ್ಲಿ ಬರುತ್ತಾರೆ. ಅದನ್ನು ಖರೀದಿಸುವ ದಿನ ಶೋರೂಮಿನವರು ಪುಸ್ತಕ ಕೊಡಲು ಬಂದರೆ ಬೇಡವೆಂದರಂತೆ. ಮನೆಯಿಂದ ನಾಲ್ಕು ಕ್ಯಾನು ತಂದಿದ್ದರು.

ಖಾಲಿ ಗಾಡಿಯ ಅಳತೆ

ಠಾಣಾ ಕುಶನೂರಿನ ಒಬ್ಬ ರೈತರ ಮನೆಯ ಕಾರು ಊರ ಬಸ್ ಸ್ಟ್ಯಾಂಡ್ ಹತ್ತಿರದ ರಸ್ತೆಯುಬ್ಬು, ಅಂದರೆ ಹಂಪು, ದಾಟುವಾಗ ಪ್ರತಿ ಸಲ ಹೊಟ್ಟೆ ಉಜ್ಜಿಕೊಳ್ಳುತ್ತಿತ್ತು. ನೆಲದಿಂದ ಗಾಡಿಯ ತಳ ಎಷ್ಟು ಎತ್ತರ ಎಂಬುದು ಪುಸ್ತಕದಲ್ಲಿತ್ತು. ಅಷ್ಟು ಎತ್ತರ ಇದ್ದಿದ್ದರೆ ಅದು ಆರಾಮಾಗಿ ದಾಟಬೇಕಿತ್ತು. ಹೊಲದ ದಾರಿಗೆ ಬೇಕೆಂದೇ ಎತ್ತರದ ಗಾಡಿ ಆರಿಸಿದ್ದರು ಪಾಪ.

ಶೋರೂಮಿನವರ ಜೊತೆ ರಾಜಿ ಮಾತುಕತೆ ನಡೆಯಿತು. "ಪುಸ್ತಕದ ಅಳತಿ ಖಾಲಿ ಗಾಡಿದ್ದರಿ," ಎಂದ ಅವರ ಎಂಜಿನಿಯರ್.

ರೈತರು ಸ್ವಲ್ಪ ಯೋಚಿಸಿ ಕೇಳಿದರು: "ಖಾಲಿ ಗಾಡಿ ಊರಿಗಿ ಹ್ಯಾಂಗ ಹೋಗ್ತದ್ರಿ? ಹೊಡಿಲಾಕ ನಾನರ ಕೂಡಬೇಕಲ್ಲ?"

ಅವರ ಹೆಂಡತಿ ಮಾತು ಮುಂದುವರಿಸಿದರು. "ಹಂಪು ಬಂತಂದ್ರ ನಾವೆಲ್ಲ ಇಳಿತೀವ್ರಿ. ನಾನು, ನಮ್ಮ ಅತ್ತಿ, ಎರಡು ಮಕ್ಕಳು. ಇವರು ಒಬ್ಬರೇ ಗಾಡಿ ದಾಟಿಸ್ತಾರ, ಆಮ್ಯಾಲ ನಾವು ಹತ್ತತೀವಿ. ಹೋದ ವಾರ ನಾವು ಹಂಗ ಇಳಿದು ನಿಂತಿದ್ದಿವಿ. ಔರಾದಿನ ಬಸ್ ಬಂತು. ಡ್ರೈವರ್ ನಮ್ಮನ್ನ ನೋಡಿ ನಿಲ್ಲಿಸಿದ. ಅತ್ತಿ ಸೀದಾ ಹತ್ತಿ ಹೋಗೇ ಬಿಟ್ರು. ನಮಗಿಂತ ಮೊದಲ ಔರಾದ್ ಮುಟ್ಟಿ ಚಹಾ ಕುಡಿದು ಕುಂತಿದ್ರು."

ಎಂಜಿನಿಯರನಿಗೂ ನಗು ತಡೆಯಲಾಗಲಿಲ್ಲ. ತಾನೇ ಟೇಪು ತಂದು ಖಾಲಿ ಗಾಡಿಯನ್ನೇ ಅಳೆದ. ಖಾಲಿಯಿದ್ದಾಗಲೂ ಎರಡು ಬೆರಳು ಕಡಿಮೆ ಬಂತು. ಬೇರೆ ಮಾದರಿಯ ಸ್ಪ್ರಿಂಗು ಇದಕ್ಕೆ ಕೂಡಿಸಿದ್ದರು. ತಪ್ಪು ಒಪ್ಪಿಕೊಂಡು, ನಾಲ್ಕೂ ಬದಲಿಸಿ, ಮತ್ತೆ ಅಳೆದು ಬರೆದುಕೊಟ್ಟರು.

ಈಗ ಇಡೀ ಮನೆ ಕೂತರೂ ಕಾರು ಹಂಪನ್ನು ಮುಟ್ಟುವುದಿಲ್ಲ. ಅತ್ತೆಯವರು ಮಾತ್ರ ಇಂದಿಗೂ ಬಸ್ಸಿಗೇ ಹೋಗುತ್ತಾರಂತೆ. "ಅಲ್ಲಿ ಹೆಣ್ಮಕ್ಕಳಿಗಿ ಟಿಕೀಟ್ ಇಲ್ಲ, ನಡು ಹಾದ್ಯಾಗ ಇಳಿ ಅನ್ನೋರೂ ಇಲ್ಲ," ಎನ್ನುತ್ತಾರೆ.

ಕನ್ನಡ ಬಲ್ಲ ಕಾರು

ಔರಾದಿನಲ್ಲಿ ಈಗ ಒಂದು ಕಾರು ಇದೆ. ಅದಕ್ಕೆ "ಖಿಡಕಿ ತೆಗಿ" ಎಂದರೆ ಕಿಟಕಿ ತೆಗೆಯುತ್ತದೆ, "ಹಾಡ ಹಚ್ಚು" ಎಂದರೆ ಹಾಡು ಹಚ್ಚುತ್ತದೆ. ಈ ಮಾತು ಅದಕ್ಕೆ ಕಲಿಸಿದವರು ಒಬ್ಬ ನಿವೃತ್ತ ನರ್ಸ್. ಊರವರೆಲ್ಲ ಅವರಿಗೆ ಸಿಸ್ಟರ್ ಎನ್ನುತ್ತಾರೆ. ಕಂಪನಿಯವರು ಮೂರು ದಿನ ಅವರ ಮನೆಯಲ್ಲಿ ಕೂತು, ಅವರ ಮಾತು ರೆಕಾರ್ಡ್ ಮಾಡಿಕೊಂಡು ಹೋದರು. ಆದರೆ ಅಷ್ಟು ಸುಲಭಕ್ಕೆ ಅವರು ಬರಲಿಲ್ಲ.

ಸಿಸ್ಟರ್ ಡ್ರೈವಿಂಗ್ ಕಲಿತದ್ದೇ ನಿವೃತ್ತಿಯಾದ ಮೇಲೆ. ಹಿಂದೊಮ್ಮೆ ಬಿದ್ದು ಎಡಗೈ ಮುರಿದಿತ್ತು, ಅದರಲ್ಲಿ ಬಲ ಕಡಿಮೆ. ಗೇರು ತಾನೇ ಬದಲಾಗುವ ಗಾಡಿ ಬೇಕು, ಸ್ಟೀರಿಂಗಿನಿಂದ ಕೈ ಬಿಟ್ಟು ಅಲ್ಲಿಲ್ಲಿ ಗುಂಡಿ ಒತ್ತುವುದೂ ಇರಬಾರದು ಎಂದು ಹುಡುಕುತ್ತಿದ್ದಾಗ ಜಾಹೀರಾತು ಕಂಡಿತು: "ನಿಮ್ಮ ಕನ್ನಡ ಬಲ್ಲ ಕಾರು. ನೀವು ಹೇಳಿ, ಅದು ಮಾಡುತ್ತದೆ." ಅದನ್ನೇ ನಂಬಿ ಕೊಂಡರು.

"ನಾ ಹೇಳ್ತೀನಿ ಮೇಡಂ, ಅದು ಮಾಡೋದಿಲ್ಲ," ಎಂದರು ನನ್ನ ಹತ್ತಿರ ಬಂದು. "ಕನ್ನಡದಾಗ ಹೇಳಿದೆ, ಮರಾಠಿದಾಗ ಬೈದೆ. ಎರಡೂ ತಿಳಿಯವಲ್ದು. ಶೋರೂಮಿನವರು ನನ್ನ ಮಾತೇ ಸರಿ ಇಲ್ಲ ಅಂತಾರ. ನಲವತ್ತು ವರ್ಷ ಇದೇ ಮಾತಿನಾಗ ಮಂದಿಗಿ ಔಷಧ ಹೇಳೀನಿ. ಒಬ್ಬರೂ ತಪ್ಪು ಗುಳಿಗಿ ನುಂಗಿಲ್ಲ."

ಕಾರಿಗಿಂತ ಶೋರೂಮಿನವರ ಆ ಮಾತೇ ಅವರಿಗೆ ಹೆಚ್ಚು ನೋವು ಮಾಡಿತ್ತು.

ಆಯೋಗದಲ್ಲಿ ಕಾರನ್ನೇ ಪರೀಕ್ಷೆ ಮಾಡೋಣ ಎಂದು ಅಧ್ಯಕ್ಷರು ತೀರ್ಮಾನಿಸಿದರು. ಎಲ್ಲರೂ ಅಂಗಳಕ್ಕೆ ಬಂದೆವು. ಅಧ್ಯಕ್ಷರು, ಸದಸ್ಯರು, ಅಣ್ಣ, ನಾನು, ಬೆಂಗಳೂರಿನಿಂದ ಬಂದಿದ್ದ ಕಂಪನಿಯ ಎಂಜಿನಿಯರ್. ಬೇರೆ ಕೆಲಸಕ್ಕೆ ಬಂದಿದ್ದ ಮಂದಿಯೂ ಸುತ್ತ ಸೇರಿದರು.

ಮೊದಲು ಎಂಜಿನಿಯರ್ ಕೂತರು. ಗಂಟಲು ಸರಿ ಮಾಡಿಕೊಂಡು, "ದಯವಿಟ್ಟು ಹವಾನಿಯಂತ್ರಣವನ್ನು ನಿಲ್ಲಿಸಿ," ಎಂದರು. ಎಸಿ ನಿಂತಿತು. "ಎಡಭಾಗದ ಕಿಟಕಿಯನ್ನು ತೆರೆಯಿರಿ." ಕಿಟಕಿ ಇಳಿಯಿತು.

"ನೋಡಿ ಸ್ವಾಮಿ," ಎಂದರು ಅಣ್ಣ, "ಕಾರಿಗೆ ಕನ್ನಡ ಬರುತ್ತದೆ."

"ನಾ ಮನ್ಯಾಗ ಹಿಂಗ ಮಾತಾಡಿದ್ರ ಜ್ವರ ತಲಿಗಿ ಏರ್ಯಾದ ಅಂತ ದವಾಖಾನಿಗಿ ಒಯ್ತಾರ್ರಿ," ಎಂದರು ಸಿಸ್ಟರ್.

ಅಧ್ಯಕ್ಷರು ನಗು ನುಂಗಿಕೊಂಡರು. "ನೀವು ಕೂತು, ದಿನಾ ಮನೆಯಲ್ಲಿ ಹೇಗೆ ಮಾತಾಡುತ್ತೀರೋ ಹಾಗೇ ಹೇಳಿ ತಾಯಿ," ಎಂದರು.

ಸಿಸ್ಟರ್ ಕೂತರು. ಅವರ ಫೋನು ಕಾರಿಗೆ ಜೋಡಣೆಯಾದ ಸದ್ದು ಬಂತು. "ಖಿಡಕಿ ಮುಚ್ಚು," ಎಂದರು. "ಕ್ಷಮಿಸಿ, ಅರ್ಥವಾಗಲಿಲ್ಲ," ಎಂದಿತು ಕಾರು. ಇನ್ನಷ್ಟು ಮರ್ಯಾದೆಯಿಂದ, "ಖಿಡಕಿ ಮುಚ್ಚರಿ," ಎಂದರು. "ಕ್ಷಮಿಸಿ." ಎಂಜಿನಿಯರ್ ಎಸಿ ಮತ್ತೆ ಹಚ್ಚಿ, ಇದನ್ನು ನಿಲ್ಲಿಸಿ ನೋಡೋಣ ಎಂದರು. ಸಿಸ್ಟರ್ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು: "ಎಸಿ ಬಂದ್ ಮಾಡ್ರಿ."

ಕಾರು ಬಹಳ ಸಂತೋಷದಿಂದ, "ಬಂಡೆಪ್ಪ ಅವರಿಗೆ ಕರೆ ಮಾಡಲಾಗುತ್ತಿದೆ," ಎಂದಿತು.

ಸಿಸ್ಟರ್ ಫೋನು ಹುಡುಕುವುದರೊಳಗೆ ಆ ಕಡೆಯವರು ಎತ್ತಿಬಿಟ್ಟರು. ಕಾರಿನ ನಾಲ್ಕೂ ಸ್ಪೀಕರಿನಿಂದ ಅಂಗಳ ತುಂಬ ದನಿ ಬಂತು.

"ಹಾಂ ವೈನಿ, ಮತ್ತ ಎಸಿ ಬಂದ್ ಮಾಡಂದ್ರೇನ್ರಿ ಅದಕ? ದಿನಾ ಮೂರು ಸರ್ತಿ ನನಗೇ ಫೋನ್ ಹಚ್ಚತದ. ಅದಕ ನಿಮ್ಮ ಮಾತು ತಿಳಿಯಲ್ಲ ಅಂತ ಎಷ್ಟು ಸಲ ಹೇಳ್ಬೇಕ್ರಿ ನಿಮಗ? ಕೈಲೆ ಗುಂಡಿ ಒತ್ರಿ. ನಾ ಹೊಲದಾಗ ಇದ್ದೀನಿ, ಇಡ್ತೀನಿ."

ಫೋನು ಕಟ್ಟಾಯಿತು. ಎಸಿ ಓಡುತ್ತಲೇ ಇತ್ತು. ಸಿಸ್ಟರ್ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ನಮ್ಮ ಮೈದುನರ್ರಿ," ಎಂದರು.

ಅಣ್ಣನಿಗೆ ಪ್ರಕರಣ ಕೈ ಬಿಟ್ಟು ಹೋಗುವುದು ಗೊತ್ತಾಯಿತು. ಕೋಟು ಸರಿ ಮಾಡಿಕೊಂಡು ಗಂಭೀರವಾಗಿ ಹೇಳಿದರು: "ಸ್ವಾಮಿ, ನನ್ನ ಆಕ್ಷೇಪಣೆ ಇದೆ. ಈಗ ಮಾತಾಡಿದ ಸಾಕ್ಷಿಯ ಹೆಸರು ದೂರುದಾರರ ಪಟ್ಟಿಯಲ್ಲಿ ಇಲ್ಲ. ದೂರುದಾರರು ಈ ಸಾಕ್ಷಿಯನ್ನು ಕರೆಯುವಂತಿಲ್ಲ."

"ಅವರು ಕರೆದಿಲ್ಲ ವಕೀಲರೇ," ಎಂದರು ಅಧ್ಯಕ್ಷರು. "ಕರೆದದ್ದು ನಿಮ್ಮ ಕಾರು."