ಲೈಸೆನ್ಸ್ ಉಳಿಯಿತು, ಬಾಗಿಲು ಹೋಯಿತು

"ಈ ಸಲ ಗಡುವು ನನ್ನನ್ನ ಅಟ್ಟಿಸ್ಕೊಂಡು ಬರಲ್ಲ. ನಾನೇ ಗಡುವನ್ನ ಅಟ್ಟಿಸ್ಕೊಂಡು ಹೋಗ್ತೀನಿ!"

ಆಫೀಸಿನ ಕಾಫಿ ಯಂತ್ರದ ಮುಂದೆ ನಿಂತು ನಾನು ಹೊರಡಿಸಿದ ಘೋಷಣೆ ಇದು. ನಾನು ವಿಮಾ ಏಜೆಂಟ್. ನಮ್ಮ ಲೈಸೆನ್ಸ್ ನವೀಕರಣವಾಗಬೇಕಾದರೆ ಅದಕ್ಕೆ ಮೊದಲು ಇಂತಿಷ್ಟು ಗಂಟೆ ತರಬೇತಿಯ ಪಾಠ ಕೇಳಲೇಬೇಕು. ಪಾಠ ಕೇಳದಿದ್ದರೆ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ಲದಿದ್ದರೆ ಒಂದು ಪಾಲಿಸಿಯನ್ನೂ ಮಾರುವಂತಿಲ್ಲ. ಹಾಗೆ ಮಾರದೆ ಮನೆಯಲ್ಲಿ ಕೂತ ಏಜೆಂಟನಿಂದ ಮನೆಯವರನ್ನು ಕಾಪಾಡುವ ವಿಮೆ ಇನ್ನೂ ಯಾವ ಕಂಪನಿಯಲ್ಲೂ ಬಂದಿಲ್ಲ!

ಪಕ್ಕದ ಮೇಜಿನವನು ನಕ್ಕ. ಎಲ್ಲವನ್ನೂ ಮುಂಚಿತವಾಗಿಯೇ ಮುಗಿಸುವ ಅವನಿಗೆ ನಾವಿಟ್ಟ ಹೆಸರು 'ಮುಂಗಡ'. "ನಂದು ಯಾವಾಗ್ಲೋ ಮುಗೀತು. ಆದ್ರೂ ಇನ್ನೊಂದಿಷ್ಟು ಪಾಠ ಸುಮ್ನೆ ಕೇಳ್ತಿದೀನಿ. ಜ್ಞಾನ ಅಲ್ವಾ?" ಅಂದ.

ಜ್ಞಾನವಂತೆ ಜ್ಞಾನ! ನನಗೆ ಮೈಯೆಲ್ಲ ಉರಿಯಿತು.

ಉರಿ ಆರುವುದಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ. ಒಂದು ವಾರ ಗ್ರಾಹಕರ ಕಾಟ, ಒಂದು ವಾರ ನೆಗಡಿಯ ಕಾಟ, ಇನ್ನೊಂದು ವಾರ ಯಾವ ಕಾಟವೂ ಇಲ್ಲವಲ್ಲ ಎಂಬ ಸಂತೋಷದ ನಿದ್ದೆ. ಅಂತೂ ಇಂತೂ ಗಡುವಿನ ದಿನ ಬೆಳಗ್ಗೆ ನನಗಿನ್ನೂ ಒಂದು ಪಾಠ ಬಾಕಿಯಿತ್ತು. ಅದೂ ಆನ್‌ಲೈನ್‌ನಲ್ಲಿ ನೇರ ಪಾಠ. ಮುಗಿಯುವವರೆಗೆ ನಮ್ಮ ಮುಖ ಕ್ಯಾಮೆರಾದಲ್ಲಿ ಕಾಣುತ್ತಲೇ ಇರಬೇಕು. ಮುಖ ಮಾಯವಾದರೆ ಹಾಜರಿಯೂ ಮಾಯ!

"ಹಾಲ್‌ನಲ್ಲೇ ಕೂತ್ಕೊಳ್ರೀ, ನಾನೇನು ತಿಂದ್ಬಿಡ್ತೀನಾ?" ಅಂದಳು ನನ್ನ ಹೆಂಡತಿ.

"ಹಾಲ್‌ನಲ್ಲಿ ಮಿಕ್ಸಿ ಸದ್ದು, ಟೀವಿ ಸದ್ದು, ಅದರ ಮೇಲೆ ನಿನ್ನ ಸದ್ದು. ವಿದ್ಯೆಗೆ ಏಕಾಂತ ಬೇಕು ಕಣೇ."

"ಹಾಗಾದ್ರೆ ಸ್ಟೋರ್ ರೂಮಿಗೆ ಹೋಗಿ. ಚಿಲಕ ಮಾತ್ರ ಹಾಕ್ಬೇಡಿ. ಹಾಕಿದ್ರೆ ತೆಗೆಯಕ್ಕೆ ಬರಲ್ಲ. ಬಡಗಿನ ಕರೆಸಿ, ಬಡಗಿನ ಕರೆಸಿ ಅಂತ ನಾನು ಬಡ್ಕೊಂಡಿದ್ದೇ ಬಂತು."

ಮಹಾವಿದ್ಯಾರ್ಥಿಯೊಬ್ಬ ತಪಸ್ಸಿಗೆ ಹೊರಟಾಗ ಇಂಥ ಸಣ್ಣ ಮಾತಿಗೆ ಕಿವಿಗೊಡುತ್ತಾನೆಯೇ? ಒಳಹೊಕ್ಕವನೇ ಚಿಲಕ ಜಡಿದೆ. ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಹಳೆಯ ಸೂಟ್‌ಕೇಸಿನ ಮೇಲೆ ವಿರಾಜಮಾನನಾದೆ. ಮನೆಯ ಗಲಾಟೆ ಯಾರಿಗೂ ಕೇಳಿಸಬಾರದೆಂದು ಮೈಕ್ ಆಫ್ ಮಾಡುವ ಗುಂಡಿ ಒತ್ತಿದೆ. ಗಟ್ಟಿಯಾಗಿರಲಿ ಎಂದು ಇನ್ನೊಮ್ಮೆ ಒತ್ತಿದೆ!

ಪರದೆಯ ತುಂಬ ಏಜೆಂಟರ ಪುಟ್ಟ ಪುಟ್ಟ ಮುಖಗಳು. ಮುಂಗಡನೂ ಇದ್ದ. ಪಾಠ ಹೇಳುವ ಮೇಡಂ ಕನ್ನಡಕ ಸರಿಮಾಡಿಕೊಂಡು, "ಇವತ್ತಿನ ವಿಷಯ, ಗ್ರಾಹಕರ ಹತ್ತಿರ ನಿಜ ಹೇಳುವುದು ಹೇಗೆ" ಎಂದು ಶುರುಮಾಡಿದರು. ನಾನು ಆಗಲೇ ಎಲ್ಲ ಗೊತ್ತಿದ್ದವನಂತೆ ತಲೆಯಾಡಿಸಿದೆ.

ತಲೆಯಾಡಿಸುತ್ತಿದ್ದಾಗಲೇ ಪರದೆಯ ಮೂಲೆಯಲ್ಲಿ ಕೆಂಪು ಗುರುತು ಮಿನುಗಿತು. ಬ್ಯಾಟರಿ ಮುಗಿಯುತ್ತಿದೆ! ಚಾರ್ಜರ್ ಹಾಲ್‌ನಲ್ಲಿದೆ! ಮುಖವನ್ನು ಕ್ಯಾಮೆರಾದಲ್ಲೇ ಬಿಟ್ಟು, ಉಳಿದ ದೇಹವನ್ನು ಬಾಗಿಲ ಕಡೆ ಕಳಿಸಿ ಚಿಲಕ ಎಳೆದೆ. ಬರಲಿಲ್ಲ. ಜೋರಾಗಿ ಎಳೆದೆ. ಬಂತು. ಚಿಲಕದ ಹಿಡಿ ಮಾತ್ರ ಬಂತು!

"ಲೇ! ಚಾರ್ಜರ್ ಕೊಡೇ!" ಬಾಗಿಲು ಬಡಿದೆ.

"ಬಾಗಿಲು ತೆಗೀರಿ, ಕೊಡ್ತೀನಿ."

"ತೆಗೆಯಕ್ಕೆ ಬರ್ತಿಲ್ಲ. ಚಿಲಕ ಕೈಗೆ ಬಂತು."

ಆಚೆ ಕಡೆಯಿಂದ ಗುಡುಗು. "ಹಾಕ್ಬೇಡಿ ಅಂದಿದ್ನೋ ಇಲ್ವೋ?"

"ಈಗ ಭಾಷಣ ಬೇಡ. ಒಳಗೆ ಒಂದು ನಡೀತಿದೆ!"

"ಏನು ಭಾಷಣವಂತೆ?"

"ಗ್ರಾಹಕರ ಹತ್ತಿರ ನಿಜ ಹೇಳೋದು ಹೇಗೆ ಅಂತ."

"ಅದನ್ನ ನಿಮಗೆ ಕಲಿಸ್ತಿದಾರಾ? ಪಾಪ ಅವ್ರು!" ಬಾಗಿಲೇ ನಕ್ಕಂತಾಯಿತು. "ಮೇಲಿನ ಮನೆ ಹಲ್ಲಿನ ಡಾಕ್ಟ್ರಿಗೆ ಪಾಲಿಸಿ ಮಾರುವಾಗ 'ನಮ್ಮನೇಲೂ ಇದೇ ಇದೆ' ಅಂದ್ರಲ್ಲ, ಎಲ್ಲಿದೆ ತೋರಿಸಿ ನೋಡೋಣ! ಜನಕ್ಕೆ ಬೇಕಾಗಿರೋದು ಇಷ್ಟೇ. ಯಾವುದಕ್ಕೆ ದುಡ್ಡು ಬರತ್ತೆ, ಯಾವುದಕ್ಕೆ ಬರಲ್ಲ. ಬರತ್ತೆ ಅನ್ನೋದನ್ನ ಒಂದು ಗಂಟೆ ಹೇಳ್ತೀರಿ. ಬರಲ್ಲ ಅನ್ನೋ ಹೊತ್ತಿಗೆ ಚಪ್ಪಲಿ ಹಾಕ್ಕೊಂಡಿರ್ತೀರಿ!"

ಪರದೆಯ ಮೇಲೆ ಎಲ್ಲ ಮುಖಗಳೂ ಕುಲುಕುತ್ತಿದ್ದವು. ಮೇಡಂ ಏನೋ ಒಳ್ಳೆಯ ಜೋಕ್ ಹೇಳಿರಬೇಕು ಅಂದುಕೊಂಡು ನಾನೂ ನಕ್ಕೆ. ಮುಂಗಡ ತನ್ನ ಬಾಯಿ ತೋರಿಸಿ, ಕಿವಿ ತೋರಿಸಿ, ಎರಡೂ ಕೈ ಬೀಸಿದ. ಎಂದೂ ಇಲ್ಲದ ಪ್ರೀತಿ! ನಾನೂ ಕೈ ಬೀಸಿದೆ.

"ಸೂಟ್‌ಕೇಸ್ ಮೇಲೆ ಕೂತಿರೋ ಸರ್," ಅಂದರು ಮೇಡಂ, "ನಿಮ್ಮ ಮೈಕ್ ಆನ್ ಇದೆ."

ಭೂಮಿ ಬಾಯಿಬಿಡಲಿ ಅಂದುಕೊಂಡೆ. ಬಾಗಿಲೇ ಬಾಯಿಬಿಡದ ಮನೆಯಲ್ಲಿ ಭೂಮಿ ಎಲ್ಲಿ ಬಿಡುತ್ತದೆ? ಗುಂಡಿಗೆ ಕೈ ಹಾಕಿದೆ.

"ಬೇಡ ಬೇಡ, ಆಫ್ ಮಾಡ್ಬೇಡಿ! ಆಚೆ ಇರೋ ಮೇಡಂಗೆ ಆ ಚಪ್ಪಲಿ ವಿಷಯ ಇನ್ನೊಂದು ಸಲ ಹೇಳಕ್ಕೆ ಹೇಳಿ. ಎಲ್ರೂ ಬರ್ಕೋತಿದಾರೆ," ಅಂದರು ಪರದೆಯ ಮೇಡಂ.

ನನ್ನ ಹೆಂಡತಿಯ ದನಿ ತಟ್ಟನೆ ಜೇನಾಯಿತು. "ಅಯ್ಯೋ, ನಮಸ್ಕಾರ! ಕೇಳಿಸ್ತಿತ್ತಾ?" ಎಂದವಳು ಬಾಗಿಲ ಮೇಲಿನ ಗಾಳಿಕಿಂಡಿಯಿಂದ, ನೆಲ ಒರೆಸುವ ಕೋಲಿಗೆ ಕಟ್ಟಿದ ಚಾರ್ಜರನ್ನು ಇಳಿಬಿಟ್ಟಳು. ಅದು ನೇರವಾಗಿ ನನ್ನ ನೆತ್ತಿಗೆ ಬಡಿಯಿತು. ಇಡೀ ತರಗತಿ ಚಪ್ಪಾಳೆ ತಟ್ಟಿತು! ಅಲ್ಲಿಂದ ಮುಂದೆ ಪಾಠ ನಡೆಸಿದವರು ಇಬ್ಬರು, ಪರದೆಯ ಮೇಡಂ ಮತ್ತು ಬಾಗಿಲಾಚೆಯ ಮೇಡಂ. ಪ್ರತಿ ತಪ್ಪಿಗೂ ಉದಾಹರಣೆ ನಾನು.

ಪಾಠ ಮುಗಿಯುವ ಹೊತ್ತಿಗೆ ಬಡಗಿ ಬಂದ. ಉಳಿ ಹಾಕಿ ನಾಲ್ಕು ಏಟು ಕೊಟ್ಟ. ಚಿಲಕ ಹಾಗೇ ಉಳಿಯಿತು, ಬಾಗಿಲು ಬಿತ್ತು!

"ಬಾಗಿಲಿಗೆ ಇನ್ಶೂರೆನ್ಸ್ ಇದೆಯಾ ಸಾರ್?" ಎಂದು ಕೇಳಿದ ಬಡಗಿ.

"ನಿಜ ಹೇಳಿ," ಅಂದಳು ಹೆಂಡತಿ.

ನಾನು ಲ್ಯಾಪ್‌ಟಾಪ್ ಕಡೆ ತಿರುಗಿದೆ. ಹಾಜರಿ ಪೂರ್ತಿ, ಲೈಸೆನ್ಸ್ ನವೀಕರಣ! ಹಿಗ್ಗಿನಿಂದ ಎದ್ದು ನಿಂತರೆ, ಬಾಗಿಲಿಲ್ಲದ ಬಾಗಿಲಲ್ಲಿ ಮೇಲಿನ ಮನೆ ಡಾಕ್ಟರು ನಿಂತಿದ್ದರು.

"ಏನೋ ಬಿದ್ದ ಸದ್ದಾಯ್ತು. ಅದಕ್ಕೆ ಮುಂಚೆ ನನ್ನ ಪಾಲಿಸಿ ವಿಷಯಾನೂ ಮೇಲಿನವರೆಗೆ ಕೇಳಿಸ್ತು," ಅಂದರು.

ಗಿರಾಕಿ ಕೈತಪ್ಪಿದ ಹಾಗೇ! "ಡಾಕ್ಟ್ರೇ, ಅದು... ನಾನು..." ಎಂದು ತೊದಲಿದೆ.

"ಗಾಬರಿ ಬೇಡ. ಅವತ್ತು ನೀವು ಹೋದ್ಮೇಲೆ ನಿಮ್ಮ ಮನೆಯವರು ಮೇಲೆ ಬಂದು, ಏನೇನಕ್ಕೆ ದುಡ್ಡು ಬರಲ್ಲ ಅಂತ ಒಂದೊಂದಾಗಿ ಹೇಳಿದ್ರು. ಆಮೇಲೇ ನಾನು ಸಹಿ ಹಾಕಿದ್ದು. ನಿಮ್ಮ ಮಾತು ಕೇಳಿ ಯಾರು ಹಾಕ್ತಾರೆ?"

ನಾನು ಹೆಂಡತಿಯ ಮುಖ ನೋಡಿದೆ. "ಹಾಗಾದ್ರೆ ಆ ಪಾಲಿಸಿ ಮಾರಿದ್ದು ನೀನಾ?"

ಅವಳು ಕೋಲಿನಿಂದ ದಾರ ಬಿಚ್ಚುತ್ತ ಹೇಳಿದಳು: "ಲೈಸೆನ್ಸ್ ನೀವೇ ಇಟ್ಕೊಳ್ರೀ. ಕೂತು ಪಾಠ ಕೇಳಕ್ಕೆ ನನಗೆ ಪುರುಸೊತ್ತಿಲ್ಲ."